ರೇನ್ ಗೇಜಿನ ನೀರು, ನಲವತ್ತಮೂರು ಹವಳ

ಸೆಪ್ಟೆಂಬರ್ ೧೪, ಭಾನುವಾರ, ಬೆಳಿಗ್ಗೆ ೮ ಗಂಟೆ ೧೦ ನಿಮಿಷಕ್ಕೆ ಬರೆಯಲು ಕೂತೆ. ಬಿಸಿಲಿದೆ. ನಿನ್ನೆಯ ಮಳೆ ೧೨ ಸೆಂಟ್ಸ್.

ಸೆಂಟ್ಸ್ ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಕಾಫಿ ಎಸ್ಟೇಟುಗಳು ಇನ್ನೂ ಹೋಗಿಲ್ಲ. ಜುಲೈ ತಿಂಗಳಲ್ಲಿ ಮೂಡಿಗೆರೆ ಪೇಟೆಯಲ್ಲಿ ಇಬ್ಬರು ಎದುರಾದರೆ ಊಟ ಆಯ್ತಾ ಎಂದು ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಬಂತು?" ಎಂದು ಕೇಳುತ್ತಾರೆ. ಮೊದಲು ಹೇಳಿದವನು ಸೋತ. ಅವನು ನಾಲ್ಕು ಇಂಚು ಎಂದರೆ ಇನ್ನೊಬ್ಬ ತನ್ನಲ್ಲಿ ನಾಲ್ಕೂ ಇಪ್ಪತ್ತು ಎನ್ನುತ್ತಾನೆ. ಕಳಸದವರ ಎದುರು ಮಾತ್ರ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಕಳಸದವಳು. ಈ ಒಂದು ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಜಂಬ.

ಈಗ ನನ್ನೆದುರು ಮೇಜಿನ ಮೇಲೆ ಹಳೆಯ ತಾಮ್ರದ ರೇನ್ ಗೇಜ್ ಕೂತಿದೆ. ಮಳೆ ಅಳೆಯುವ ಡಬ್ಬ ಅದು: ಮೇಲೆ ಅಂಗೈ ಅಗಲದ ಆಲಿಕೆ, ಕೆಳಗೆ ನೀರು ನಿಲ್ಲುವ ಪಾತ್ರೆ. ಹುಣಸೆಹಣ್ಣು ಹಚ್ಚಿ ತಿಕ್ಕೋಣವೆಂದು ಟೆರೇಸಿನಿಂದ ಇಳಿಸಿದ್ದೆ. ತಿಕ್ಕುವುದನ್ನು ಬಿಟ್ಟು ಬರೆಯಲು ಕೂತದ್ದಕ್ಕೆ ಕಾರಣ ಎರಡು. ಒಂದು, ಈ ಡಬ್ಬವನ್ನು ನೋಡಿದಾಗಲೆಲ್ಲ ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬರುತ್ತವೆ. ಎರಡನೆಯದು ಒಂದು ಪ್ರಶ್ನೆ, ಅದನ್ನು ಕೊನೆಗೆ ಕೇಳುತ್ತೇನೆ.

ನಾನು ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಕೆಲಸ ಕೇಳಿದ ಹೊರಗಿನವರು ಕಥೆಯೋ ಕವಿತೆಯೋ ಎನ್ನುತ್ತಾರೆ. ನಾನು ಬರೆಯುವುದು ಆಳುಗಳ ಹಾಜರಿ, ಗೊಬ್ಬರದ ಚೀಲ, ದಿನದ ಮಳೆ. ಅದಕ್ಕಿಂತ ಹೆಚ್ಚಿನದನ್ನು ಬಲ್ಲವಳಲ್ಲ. ಆದರೆ ಅಷ್ಟನ್ನು ಬಿಡದೆ ಬರೆಯುತ್ತೇನೆ. ಈ ಚಾಳಿ ಮೂರನೇ ಕ್ಲಾಸಿನಲ್ಲಿ ಶುರುವಾದದ್ದು. ಶಾಲೆಯ ದಾರಿಯಲ್ಲಿ ಕಾಲಿಗೆ ಹತ್ತಿದ ಇಂಬಳಗಳನ್ನು ನಾನು ಕಾಪಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಇಡುತ್ತಿದ್ದೆ: ಎಡಗಾಲು ಇಷ್ಟು, ಬಲಗಾಲು ಇಷ್ಟು, ಕಿವಿಯ ಹಿಂದೆ ಒಂದು. ಒಂದು ವರ್ಷದ ಕೊನೆಯಲ್ಲಿ ಎಡಗಾಲಿಗೆ ಹೆಚ್ಚು ಎಂದು ಗೊತ್ತಾಯಿತು. ಏಕೆಂದು ಇವತ್ತಿಗೂ ಗೊತ್ತಿಲ್ಲ. ಇಂಬಳ ಬಿಡಿಸಲು ಅಮ್ಮ ಬಟ್ಟೆಯ ತುಂಡಿನಲ್ಲಿ ಉಪ್ಪು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿದು ಕೊಡುತ್ತಿದ್ದಳು. ಉಪ್ಪಿನ ಕೆಲಸ ಒಂದು ಮೆತ್ತನೆಯ ಪ್ರಾಣಿಯನ್ನು ಸುರುಟಿಸಿ ಕೆಡವುವುದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಉಪ್ಪಿನಲ್ಲೇ ಅರಳುವ ಮೆತ್ತನೆಯ ಪ್ರಾಣಿಯೂ ಇದೆ ಎಂದು ನೋಡಿದ್ದು ಈ ವರ್ಷ, ಮೇ ೧೧ರಂದು, ನನ್ನ ಕೋಣೆಯಲ್ಲೇ.

ಕೋಣೆ ಮೂಡಿಗೆರೆಯಲ್ಲಿದೆ, ಹಸನಣ್ಣನ ಗ್ಯಾರೇಜಿನ ಮಹಡಿಯ ಮೇಲೆ, ಬಾಡಿಗೆಗೆ. ಹಸನಣ್ಣ ಎಸ್ಟೇಟುಗಳ ಜನರೇಟರು, ಪಂಪು ರಿಪೇರಿ ಮಾಡುವವರು. ಅವರ ಹೆಂಡತಿ ಜುಬೇದಕ್ಕ ಉಳ್ಳಾಲದ ಕಡೆಯವರು. ಮದುವೆಯಾಗಿ ಘಟ್ಟ ಹತ್ತಿ ಹತ್ತೊಂಬತ್ತು ವರ್ಷ. ಇಲ್ಲಿಯ ಚಳಿಗೆ ಒಗ್ಗಿದರು, ಮಳೆಗೆ ಒಗ್ಗಿದರು. ದೂರು ಇದ್ದದ್ದು ಒಂದೇ.

"ಇಲ್ಲಿ ಗಾಳಿಗೆ ಉಪ್ಪೇ ಇಲ್ಲ ಮಾರಾಯ್ತಿ. ಬಟ್ಟೆ ಒಣಗಿಸಿದ್ರೆ ಬರೀ ಬಟ್ಟೆಯದ್ದೇ ವಾಸನೆ."

ಒಮ್ಮೆ ಎಲ್ಲರೂ ಸೇರಿ ದೇವರಮನೆ ಬೆಟ್ಟಕ್ಕೆ ಹೋಗಿದ್ದಾಗ ಕಣಿವೆಯ ತುಂಬ ಮಂಜು ನಿಂತಿತ್ತು. ಜುಬೇದಕ್ಕ ಬಹಳ ಹೊತ್ತು ನೋಡಿ, "ಕಡಲಿನ ಹಾಗೆಯೇ ಉಂಟು. ಆದ್ರೆ ಶಬ್ದ ಇಲ್ಲ," ಎಂದರು. ಈ ಮಾತು ಅವರ ತಮ್ಮ ರಫೀಕನಿಗೆ ಹೇಗೋ ತಲುಪಿತು. ಅವನದು ಮಂಗಳೂರಿನಲ್ಲಿ ಅಕ್ವೇರಿಯಂ ಅಂಗಡಿ. ಮಾರ್ಚ್ ೩೦ರ ಬೆಳಿಗ್ಗೆ, ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ, ಬಂಗುಡೆಯ ಪೆಟ್ಟಿಗೆಗಳ ನಡುವೆ ಅರವತ್ತು ಲೀಟರಿನ ಒಂದು ಗಾಜಿನ ತೊಟ್ಟಿ ಬಂದಿಳಿಯಿತು. ಜೊತೆಗೆ ಪಂಪು, ಹೀಟರು, ನೀಲಿ ಲೈಟು, ಸಮುದ್ರದ ನೀರು ಮಾಡಲು ಒಂದು ಬಕೆಟ್ ಉಪ್ಪಿನ ಪುಡಿ. ಅದರ ಬದಲು ಅಡಿಗೆಯ ಕಲ್ಲುಪ್ಪು ಆಗುವುದಿಲ್ಲವೇ ಎಂದು ನಾನು ಫೋನಿನಲ್ಲಿ ಕೇಳಿದಾಗ ರಫೀಕ್ ನಗಲಿಲ್ಲ. ಮಗುವಿಗೆ ಹೇಳುವಂತೆ ನಿಧಾನವಾಗಿ ಆಗುವುದಿಲ್ಲ ಎಂದ. ನಕ್ಕಿದ್ದರೆ ವಾಸಿಯಿತ್ತು.

ಕೆಳಗೆ ಡೀಸೆಲ್ ಹೊಗೆ ಎಂದು ತೊಟ್ಟಿ ನನ್ನ ಕೋಣೆಗೆ ಬಂತು. ಸಾಮಾನು ಜುಬೇದಕ್ಕನದು, ಜಾಗ ಮತ್ತು ಪುಸ್ತಕ ನನ್ನದು. ಹದಿನಾರು ಕಾಲಂ ಎಳೆದೆ: ಶಾಖ, ಉಪ್ಪಿನಂಶ, ಲೈಟು ಹಾಕಿದ ಹೊತ್ತು, ಆರಿಸಿದ ಹೊತ್ತು, ಕರೆಂಟು ಹೋದದ್ದು, ಬಂದದ್ದು, ಹೀಗೆ. ಹೊಸ ತೊಟ್ಟಿಗೆ ಹವಳವನ್ನು ಕೂಡಲೇ ಹಾಕುವಂತಿಲ್ಲ. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯ ಬೆಳೆದು, ನೀರಿನ ವಿಷವನ್ನು ತಿಂದು ಹದಗೊಳಿಸಬೇಕು. ಅದಕ್ಕೆ ಒಂದು ತಿಂಗಳಿಗಿಂತ ಹೆಚ್ಚು ಬೇಕು. ಅಲ್ಲಿಯವರೆಗೆ ಬರೀ ನೀರು ನೋಡುವುದು. ನನಗೆ ಬೇಸರವಾಗಲಿಲ್ಲ, ದಿನಾ ಅಳೆಯಲು ಏನಾದರೂ ಇತ್ತು. ಹಸನಣ್ಣನಿಗೆ ಆಯಿತು.

"ಒಂದು ತಿಂಗಳಿಂದ ನೀರಿಗೆ ಲೈಟ್ ಹಾಕಿ ನೋಡ್ತಾ ಕೂತಿದೀರಲ್ಲ ರೈಟ್ರಮ್ಮ. ಮೀನಿಲ್ಲ, ಮರಿಯಿಲ್ಲ."

"ಬ್ಯಾಕ್ಟೀರಿಯ ಬೆಳೀಬೇಕು ಹಸನಣ್ಣ."

"ಅದಕ್ಕೆ ಇಷ್ಟೆಲ್ಲ ಯಾಕೆ? ನಮ್ಮ ಗ್ಯಾರೇಜಿನ ಬಚ್ಚಲಲ್ಲಿ ಕತ್ತಲಲ್ಲೇ ಬೆಳೀತದೆ."

ಆದರೂ ಕರೆಂಟು ಹೋದರೆ ಪಂಪು ನಿಲ್ಲಬಾರದೆಂದು ಹಳೆಯ ಇನ್ವರ್ಟರೊಂದನ್ನು ರಿಪೇರಿ ಮಾಡಿ ಮೇಲೆ ಇಟ್ಟವರೂ ಅವರೇ.

ಮೇ ೧೧ಕ್ಕೆ ಹವಳ ಬಂತು. ಉಂಗುರದ ಕೆಂಪು ಹವಳವಲ್ಲ. ಸಮುದ್ರದ ಕಲ್ಲುಹವಳವನ್ನು ಕಿತ್ತು ತಂದು ಮನೆಯಲ್ಲಿಡಲು ಕಾನೂನು ಬಿಡುವುದಿಲ್ಲ, ಬಿಡಬಾರದು ಕೂಡ. ಇದು ತೊಟ್ಟಿಯಲ್ಲೇ ಬೆಳೆಸಿದ ಮೆತ್ತನೆಯ ಜಾತಿ: ಒಂದು ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಹಸಿರು ಮುಖಗಳು, ಸುತ್ತಲೂ ರೆಪ್ಪೆಯಂಥ ಎಳೆಗಳು. ಬೆಳಕಿಗೆ ಅರಳುತ್ತವೆ, ಬೇಡವೆನಿಸಿದರೆ ಮುಷ್ಟಿಯಂತೆ ಮುಚ್ಚಿಕೊಳ್ಳುತ್ತವೆ. ಮೈಯಲ್ಲಿ ವಿಷವಿರುತ್ತದೆಂದು ಗ್ಲೌಸ್ ಹಾಕದೆ ಮುಟ್ಟುವಂತಿಲ್ಲ. ಎರಡನೆಯ ದಿನ ಎಲ್ಲವೂ ಅರಳಿದಾಗ ಎಣಿಸಿದೆವು. ನಲವತ್ತಮೂರು. ಜೊತೆಗೆ ಗಾಜಿನ ಪಾಚಿ ತಿನ್ನಲು ಒಂದು ಬಸವನಹುಳು. ಅಂದಿನಿಂದ ಜುಬೇದಕ್ಕ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಚಹಾ ಲೋಟ ಹಿಡಿದು ಮೇಲೆ ಬಂದು, ತೊಟ್ಟಿಯ ಬಾಯಿಗೆ ಮೂಗಿಟ್ಟು ಒಮ್ಮೆ ಉಸಿರೆಳೆದುಕೊಂಡು ಆಮೇಲೆ ಕೂರುವುದು ರೂಢಿಯಾಯಿತು.

ಸುದ್ದಿ ಕಳಸಕ್ಕೂ ಹೋಯಿತು. ಅಮ್ಮ ಫೋನ್ ಮಾಡಿದಳು.

"ಬೆರಳಿಗೊಂದು ಹವಳ ಹಾಕ್ಕೊ, ಮದುವೆ ಕೂಡಿ ಬರ್ತದೆ ಅಂದ್ರೆ ಮೂರು ವರ್ಷ ಕೇಳ್ಲಿಲ್ಲ. ಈಗ ತೊಟ್ಟಿ ತುಂಬ ತಂದಿದೀಯಂತೆ. ಇದು ಕುಜನಿಗೆ ಆಗ್ತದಾ?"

"ಇದು ಜೀವ ಇರೋ ಹವಳ ಅಮ್ಮ."

"ಹಾಗಾದ್ರೆ ಬೇಗ ಫಲ ಕೊಡ್ತದೆ ಬಿಡು."

ಇನ್ನು ರೇನ್ ಗೇಜಿನ ವಿಷಯ. ಜೂನ್ ಕೊನೆಯಲ್ಲಿ ನಮ್ಮ ಎಸ್ಟೇಟಿಗೆ ತಾನೇ ಅಳೆದು ಮೊಬೈಲಿಗೆ ಕಳಿಸುವ ಹೊಸ ಯಂತ್ರ ಬಂತು. ಹಳೆಯದನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಯಜಮಾನರಾದ ಗೌಡ್ರು ನನ್ನ ಮುಖ ನೋಡಿ, "ತಗೊಂಡು ಹೋಗಮ್ಮ. ನೀನು ಅದಕ್ಕೆ ದಿನಾ ಬೆಳಿಗ್ಗೆ ನಮಸ್ಕಾರ ಮಾಡೋಳು," ಎಂದರು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಗ್ಯಾರೇಜಿನ ಟೆರೇಸಿನಲ್ಲಿ ನಿಲ್ಲಿಸಿದೆ. ಒಳಗಿನ ಬಾಟಲಿ ಎಂದೋ ಒಡೆದಿತ್ತು. ಮಳೆ ನೇರ ತಾಮ್ರಕ್ಕೇ ಬೀಳುತ್ತಿತ್ತು. ಆಲಿಕೆಯ ಒಳಗೆಲ್ಲ ಹಸಿರು ಹಿಡಿದಿತ್ತು. ನನ್ನ ಕಣ್ಣಿಗೆ ಅದು ವಯಸ್ಸಿನ ಗೌರವದಂತೆ ಕಂಡಿತು.

ಜುಬೇದಕ್ಕ ಜುಲೈ ೫ಕ್ಕೆ ತಂಗಿಯ ಬಾಣಂತನಕ್ಕೆಂದು ಉಳ್ಳಾಲಕ್ಕೆ ಹೊರಟರು. ಹೊರಡುವ ಮೊದಲು ಮೇಲೆ ಬಂದು ಎಣಿಸಿದರು.

"ನೋಡು ಸುಮಾ, ನಾನು ಬರುವಾಗ ನಲವತ್ತಮೂರು ಇರ್ಬೇಕು. ಒಂದು ಕಮ್ಮಿ ಆದ್ರೂ ನಿನ್ನ ಪುಸ್ತಕ ಕಡಲಿಗೆ ಹಾಕ್ತೇನೆ."

"ಇಲ್ಲಿ ಕಡಲೆಲ್ಲಿದೆ ಜುಬೇದಕ್ಕ?"

"ಇಲ್ಲಿಯೇ ಉಂಟಲ್ಲ, ಅರುವತ್ತು ಲೀಟರ್."

ನಕ್ಕೆವು. ಅವರು ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದ್ದು ನನ್ನನ್ನಲ್ಲ, ತೊಟ್ಟಿಯನ್ನು.

ತೊಟ್ಟಿಯಲ್ಲಿ ದಿನಾ ಅರ್ಧ ಲೀಟರಿನಷ್ಟು ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಅಷ್ಟು ಸಿಹಿನೀರನ್ನು ಮತ್ತೆ ತುಂಬಬೇಕು. ಅದು ಶುದ್ಧವಾಗಿರಬೇಕು. ಅಲ್ಲಿಯವರೆಗೆ ಕ್ಯಾನಿನ ನೀರು ತಂದು ಹಾಕುತ್ತಿದ್ದೆ. ಜುಲೈ ೫ರ ಬೆಳಿಗ್ಗೆ ಮೂರು ಇಂಚು ಮಳೆ ಅಳೆದೆ. ಗೇಜಿನಲ್ಲಿ ಒಂದು ಲೀಟರಿಗೆ ಸ್ವಲ್ಪ ಕಡಿಮೆ ನೀರು, ಕನ್ನಡಿಯಂತೆ ತಿಳಿ. ಚೆಲ್ಲಲು ಕೈ ಎತ್ತಿದವಳು ಅಲ್ಲೇ ನಿಂತೆ. ಆಕಾಶದಿಂದ ನೇರ ಬಂದದ್ದು, ಮಾಡು ಮುಟ್ಟದ್ದು, ಸಾಲದ್ದಕ್ಕೆ ನಾನೇ ಅಳೆದದ್ದು. ಇದಕ್ಕಿಂತ ಒಳ್ಳೆಯ ನೀರು ಯಾವ ಕ್ಯಾನಿನಲ್ಲಿ ಸಿಗುತ್ತದೆ? ಅಳೆದ ಮಳೆ ಒಂದು ಕಾಲಂಗೆ, ನೀರು ತೊಟ್ಟಿಗೆ. ಲೆಕ್ಕ ಇಡುವವರಿಗೆ ಇಂಥದ್ದರಲ್ಲಿ ಸಿಗುವ ಸುಖವನ್ನು ಬೇರೆಯವರಿಗೆ ವಿವರಿಸುವುದು ಕಷ್ಟ. ಅಂದಿನಿಂದ ದಿನವೂ ಹಾಗೇ ಮಾಡಿದೆ.

ಜುಲೈ ೭: ಅರಳಿದ್ದು ೩೮. ಮೋಡ ಜಾಸ್ತಿ ಎಂದುಕೊಂಡೆ, ಕೋಣೆಯೊಳಗೆ ಅವಕ್ಕಿರುವುದು ಲೈಟು ಮಾತ್ರ ಎಂಬುದನ್ನು ಮರೆತು. ಜುಲೈ ೮: ೩೧. ಹೀಟರಿನ ಮೇಲೆ ಅನುಮಾನಪಟ್ಟು ಗಂಟೆಗೊಮ್ಮೆ ಶಾಖ ನೋಡಿದೆ. ಜುಲೈ ೧೦: ೨೨, ಮತ್ತು ಬಸವನಹುಳು ಗಾಜಿನಿಂದ ಕಳಚಿ ಅಂಗಾತ ಬಿದ್ದಿತ್ತು. ಆ ದಿನ ಕೆಳಗೆ ಹೋಗಿ, ಜನರೇಟರಿನ ಅದುರಾಟಕ್ಕೆ ಹೀಗಾಗುತ್ತಿರಬಹುದೇ ಎಂದು ಹಸನಣ್ಣನನ್ನು ಕೇಳಿದೆ.

"ನನ್ನ ಜನರೇಟ್ರಾ?" ಅವರು ಸ್ಪ್ಯಾನರ್ ಕೆಳಗಿಟ್ಟರು. "ಅದು ಸ್ಟಾರ್ಟೇ ಆಗ್ತಿಲ್ಲ ಅಂತ ನಾಲ್ಕು ದಿನದಿಂದ ಬಿಚ್ಚಿಟ್ಟಿದೀನಿ ರೈಟ್ರಮ್ಮ."

ಪುಸ್ತಕವನ್ನು ದಿನಕ್ಕೆ ಹತ್ತು ಸಲ ತಿರುವಿದೆ. ಹದಿನಾರು ಕಾಲಮ್ಮಿನಲ್ಲಿ ಹದಿನೈದು ಅಂಕಿಗಳಿಂದ ತುಂಬಿದ್ದವು. "ನೀರು ತುಂಬಿದ್ದು" ಎಂಬ ಒಂದರಲ್ಲಿ ಮಾತ್ರ ಬರೀ ಸರಿ ಗುರುತು. ಯಾವ ನೀರು, ಎಲ್ಲಿಂದ ತಂದದ್ದು ಎಂದು ಬರೆದಿರಲಿಲ್ಲ. ನೀರು ತಾನೇ ಎಂದುಕೊಂಡಿದ್ದೆ.

ಜುಬೇದಕ್ಕ ಸಂಜೆ ಫೋನಿನಲ್ಲಿ ಸಿಗುತ್ತಿದ್ದರು. ಮಗುವಿನ ಅಳು, ಯಾರದೋ ನಗು, ಅವುಗಳ ನಡುವೆ ಅವರ ದನಿ. "ಹವಳ ಹೇಗುಂಟು?"

"ಚೆನ್ನಾಗಿದೆ," ಎನ್ನುತ್ತಿದ್ದೆ.

ಜುಲೈ ೧೪, ಸೋಮವಾರ. ಅರಳಿದ್ದು ೬. ಮಳೆ ಬಿಟ್ಟು ಹೊಳವು ಕೊಟ್ಟಿತ್ತು. ಎಸ್ಟೇಟಿನಲ್ಲಿ ಗಿಡಗಳಿಗೆ ಹೊಡೆಯಲು ಮೈಲುತುತ್ತದ ಔಷಧಿ ಕಲಸುತ್ತಿದ್ದರು. ನಾನು ತೂಕ ಬರೆದುಕೊಳ್ಳಲು ಪಕ್ಕದಲ್ಲಿ ನಿಂತಿದ್ದೆ. ಮಂಜಣ್ಣ ಮೇಸ್ತ್ರಿ ನೀಲಿ ನೀರಿನ ಪ್ಲಾಸ್ಟಿಕ್ ಡ್ರಮ್ಮನ್ನು ಕೋಲಿನಿಂದ ಕದಡುತ್ತ ನನ್ನ ಮುಖ ನೋಡಿದರು.

"ಎಂಥ ಆತಮ್ಮ? ಊಟ ಬಿಟ್ಟೋರ ಹಾಗಿದೀಯ."

"ಬಸವನಹುಳು ಸತ್ತೋಯ್ತು ಮಂಜಣ್ಣ."

ಅವರು ಕೋಲು ನಿಲ್ಲಿಸಿದರು. "ಇಡೀ ತೋಟ ಅದು ಸಾಯ್ಲಿ ಅಂತ ಒದ್ದಾಡ್ತಾ ಇದೆ. ನೀನು ಒಂದು ಸತ್ತದ್ದಕ್ಕೆ ಅಳ್ತೀಯ." ಆಮೇಲೆ ಸ್ವಲ್ಪ ಕನಿಕರದಿಂದ, "ಮೈಲುತುತ್ತ ಎಲ್ಲಾದ್ರೂ ತಾಗಿತ್ತಾ? ಗಿಡದ ಬುಡಕ್ಕೆ ಒಂದು ಗೆರೆ ಸವರಿ ನೋಡು, ದಾಟಲ್ಲ ಅದು. ತಾಮ್ರ ಅಂದ್ರೆ ಅದಕ್ಕೆ ಆಗಲ್ಲ."

ನಾನು ಕೈಯಲ್ಲಿದ್ದ ಸ್ಟಾಕ್ ಪುಸ್ತಕ ನೋಡಿದೆ. ಕಾಪರ್ ಸಲ್ಫೇಟ್ ಎಂದು ಅದರಲ್ಲಿ ಮೂರು ವರ್ಷದಿಂದ ನಾನೇ ಬರೆಯುತ್ತಿದ್ದೆ. ಬರೆದದ್ದೆಲ್ಲ ತಲೆಗೆ ಹೋಗಬೇಕೆಂಬ ನಿಯಮವೇನಿಲ್ಲವಲ್ಲ. ಡ್ರಮ್ಮಿನ ಅಂಚಿನಲ್ಲಿ ಒಣಗಿ ಹತ್ತಿದ್ದ ಹಸಿರು-ನೀಲಿ ಹೊಪ್ಪಳಿಕೆಯನ್ನು ನೋಡಿದೆ. ಅದೇ ಬಣ್ಣವನ್ನು ನಾನು ದಿನಾ ಬೆಳಿಗ್ಗೆ ಎಂಟಕ್ಕೆ, ಆಲಿಕೆಯ ಒಳಗೆ, ಗೌರವದಿಂದ ನೋಡುತ್ತಿದ್ದೆ.

ಮಧ್ಯಾಹ್ನದ ಬಸ್ಸಿಗೇ ಮೂಡಿಗೆರೆಗೆ ಬಂದು ರಫೀಕನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ: "ತಾಮ್ರ ಮನುಷ್ಯನಿಗೆ ಒಳ್ಳೇದು ಅಕ್ಕ. ಹವಳಕ್ಕೆ, ಹುಳಕ್ಕೆ ವಿಷ. ಇವತ್ತೇ ಮೂರರಲ್ಲೊಂದು ಪಾಲು ನೀರು ತೆಗೀರಿ, ಹೊಸದು ಹಾಕಿ. ನಾಳಿದ್ದು ಇನ್ನೊಮ್ಮೆ. ತಾಮ್ರ ಹೀರುವ ಪ್ಯಾಡು, ಕಾರ್ಬನ್ನು ನಾಳೆ ಮೀನಿನ ಗಾಡಿಯಲ್ಲಿ ಕಳಿಸ್ತೇನೆ."

"ಜುಬೇದಕ್ಕನಿಗೆ ಹೇಳ್ಬೇಡಿ," ಎಂದೆ. ಅವನು ಆಯ್ತು ಎಂದ.

ಉಪ್ಪಿನ ಪುಡಿ ಇತ್ತು. ಕಲಸಲು ಇಪ್ಪತ್ತು ಲೀಟರ್ ಶುದ್ಧ ನೀರು ಇರಲಿಲ್ಲ. ಕ್ಯಾನಿನ ನೀರಿನ ಘಟಕ ಅಂದು ಮುಚ್ಚಿತ್ತು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಏನು ಮಾಡುವುದೆಂದು ನೋಡುತ್ತಿದ್ದಾಗ ಗೋಡೆಯ ಪಕ್ಕ ಸೀಲು ಬಿಚ್ಚದ ಐದು ಲೀಟರಿನ ಡಬ್ಬಗಳು ಕಂಡವು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ರಫೀಕನನ್ನು ಮತ್ತೆ ಕೇಳಿದೆ. ಸೀಲು ಇದ್ದರೆ ಆಗುತ್ತದೆ ಎಂದ.

"ಹಸನಣ್ಣ, ಇದರಲ್ಲಿ ನಾಲ್ಕು ಡಬ್ಬ ಬೇಕು."

"ಬ್ಯಾಟರಿ ಎಲ್ಲಿದೆ?"

"ಹವಳಕ್ಕೆ."

ಅವರು ಎರಡೂ ಕೈಯಲ್ಲಿ ಎರಡೆರಡು ಡಬ್ಬ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಇಳಿಸಿ, ಮುಚ್ಚಿಕೊಂಡ ಮುಷ್ಟಿಗಳ ಆ ಕಲ್ಲನ್ನು ಬಗ್ಗಿ ನೋಡಿ, "ಅವಳು ಬರೋಕೆ ಐದು ದಿನ ಇದೆ," ಎಂದರು. ಅಷ್ಟೇ. ನಾವಿಬ್ಬರೂ ಸೇರಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಪ್ಪು ಕಲಸಿದೆವು. ಕದಡಲು ಕೋಲು ಬೇಕೆಂದಾಗ ಅವರು ತಮ್ಮ ಹಳೆಯ ಪ್ಲಾಸ್ಟಿಕ್ ಸ್ಕೇಲನ್ನು ಸೋಪು ಹಾಕಿ ತೊಳೆದು ತಂದರು.

ಜುಲೈ ೧೬: ೬. ಜುಲೈ ೧೭: ೬. ಜುಲೈ ೧೮: ೯. ಜುಲೈ ೧೯ಕ್ಕೆ ಜುಬೇದಕ್ಕ ಬಂದರು. ಬುರ್ಖಾ ತೆಗೆಯದೆ, ನೀರು ಕುಡಿಯದೆ ನೇರ ಮೇಲೆ ಬಂದರು. ಮೂಗಿಟ್ಟು ಉಸಿರೆಳೆಯಲಿಲ್ಲ. ಎಣಿಸಿದರು.

"ಹನ್ನೊಂದು," ಎಂದರು.

ನಾನು ಪುಸ್ತಕ ಅವರ ಕೈಗೆ ಕೊಟ್ಟೆ. ಎಲ್ಲವನ್ನೂ ಹೇಳಿದೆ: ಗೇಜು, ಹಸಿರು, ಬಸವನಹುಳು, ಮೈಲುತುತ್ತ, ಬ್ಯಾಟರಿ ನೀರು. ಅವರು ಪುಟ ಪುಟವಾಗಿ ನೋಡಿದರು. ನನಗೆ ಆ ಹತ್ತು ನಿಮಿಷ ಎಷ್ಟು ಉದ್ದವಿತ್ತೆಂದು ಮಾತ್ರ ಅಳೆದಿಟ್ಟಿಲ್ಲ.

"ಎಲ್ಲ ಬರ್ದಿದ್ದಿ," ಎಂದರು. "ಕರೆಂಟು ಹೋದದ್ದು ಉಂಟು, ಬಂದದ್ದು ಉಂಟು. ದಿನಾ ನನ್ನ ಹತ್ರ ಚೆನ್ನಾಗಿದೆ ಹೇಳಿದ್ದು ಎಲ್ಲಿ ಉಂಟು?"

"ಅದು ಬರ್ದಿಲ್ಲ."

"ಬರಿ."

ಪೆನ್ನು ತೆಗೆದುಕೊಂಡೆ. ದಿನಗಳನ್ನು ಎಣಿಸಿ, "ಜುಬೇದಕ್ಕನಿಗೆ ಹೇಳಿದ ಸುಳ್ಳು: ೧೨" ಎಂದು ಬರೆದೆ. ಅವರು ನೋಡಿ, "ಹನ್ನೆರಡಾ? ರಫೀಕ ಹೇಳಿದ ಮೇಲೆ ನಾನು ಎಣಿಸಿದ್ದು ಐದೇ," ಎಂದರು. ಆಮೇಲೆ ಬುರ್ಖಾದ ಅಂಚಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು. "ಹವಳ ಸಾಯ್ತದೆ ಮಾರಾಯ್ತಿ, ಕಡಲಲ್ಲಿಯೂ ಸಾಯ್ತದೆ. ಅದನ್ನು ಒಬ್ಬಳೇ ನೋಡ್ತಾ ಕೂತಿದ್ಯಲ್ಲ, ನಿಂಗೆ ಎಂತ ಬುದ್ಧಿ ಉಂಟಾ? ಚಾ ಮಾಡು ಹೋಗು."

ಅಂದು ಪುಸ್ತಕದಲ್ಲಿ ಹದಿನೇಳನೆಯ ಕಾಲಂ ಎಳೆದೆ. ಅದರ ತಲೆಬರಹ: "ಜುಬೇದಕ್ಕನಿಗೆ ಹೇಳಿದ ಹೊತ್ತು." ಹದಿನಾರನೆಯದರಲ್ಲಿ ಈಗ ಸರಿ ಗುರುತಿಲ್ಲ, ಯಾವ ನೀರು, ಯಾವ ಡಬ್ಬ ಎಂದು ಬರೆಯುತ್ತೇನೆ. ರೇನ್ ಗೇಜಿನ ನೀರು ದಾಸವಾಳದ ಕುಂಡಕ್ಕೆ ಹೋಗುತ್ತದೆ, ದಾಸವಾಳ ಏನೂ ಅಂದಿಲ್ಲ. ಮಳೆಯ ಮೇಲಿನ ನನ್ನ ಗೌರವ ಕಡಿಮೆಯಾಗಿಲ್ಲ. ಅದು ಬಂದು ಬೀಳುವ ಪಾತ್ರೆಯನ್ನೂ ಒಮ್ಮೆ ನೋಡುವುದು ಅಭ್ಯಾಸವಾಗಿದೆ.

ಆಗಸ್ಟ್ ಪೂರ್ತಿ ಹವಳಗಳು ಒಂದೊಂದಾಗಿ ಕಣ್ಣು ಬಿಟ್ಟವು. ಎರಡು ಮಾತ್ರ ಬಿಡಲಿಲ್ಲ, ಕರಗಿ ಹೋದವು. ನಲವತ್ತೊಂದು. ಸೆಪ್ಟೆಂಬರ್ ೬ರಂದು ಕಲ್ಲಿನ ಬಲಬದಿಯಲ್ಲಿ ಒಂದು ಪುಟ್ಟ ಹೊಸ ಮುಖ ಮೂಡಿತು, ದೊಡ್ಡವುಗಳಂತೆಯೇ ಹಸಿರು. ನಲವತ್ತೆರಡು. "ಇನ್ನೊಂದು," ಎಂದು ಜುಬೇದಕ್ಕ ಬೆರಳು ತೋರಿಸಿದರು. ಆ ಬೆರಳು ಒಂದು ವಾರದಿಂದ ಕೆಳಗಿಳಿದಿಲ್ಲ.

ಇವತ್ತು ಬೆಳಿಗ್ಗೆ ೭ ಗಂಟೆ ೪೫ ನಿಮಿಷಕ್ಕೆ ಕಲ್ಲಿನ ಎಡಮೂಲೆಯಲ್ಲಿ ನಾನು ಇನ್ನೊಂದು ಮುಖವನ್ನು ಕಂಡೆ. ೭ ಗಂಟೆ ೪೬ಕ್ಕೆ ಕೆಳಗೆ ಹೋಗಿ ಹೇಳಿದೆ. ಜುಬೇದಕ್ಕ ದೋಸೆ ಕಾವಲಿ ಬಿಟ್ಟು ಓಡಿ ಬಂದರು. "ಆಯ್ತಲ್ಲ, ನಲವತ್ತಮೂರು," ಎಂದರು. ಆಗಲೇ ನಾನು ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಹವಳದ ತೊಟ್ಟಿಯಲ್ಲಿ ಒಂದು ಜಾತಿಯ ಕಳೆ ಬರುತ್ತದಂತೆ. ನೋಡಲು ಎಳೆಯ ಹವಳದಂತೆಯೇ, ಆದರೆ ಬಿಟ್ಟರೆ ತೊಟ್ಟಿಯನ್ನೆಲ್ಲ ಆವರಿಸಿ ಪಕ್ಕದವನ್ನು ಸುಡುತ್ತದೆ. ಇದು ಅದಿರಬಹುದು. ರಫೀಕನಿಗೆ ಫೋಟೋ ಕಳಿಸಿದೆವು. ಎರಡೂ ಇರಬಹುದು, ಫೋಟೋದಲ್ಲಿ ಹೇಳಲಾರೆ ಎಂದ.

ಜುಬೇದಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಕೆಳಗಿನಿಂದ ದೋಸೆ ಸೀದ ವಾಸನೆ ಬಂತು. "ಸರಿ, ಗೊತ್ತಿದ್ದವರ ಹತ್ರ ಕೇಳು," ಎಂದು ಇಳಿದು ಹೋದರು. ಮೆಟ್ಟಿಲಿನ ಅರ್ಧದಿಂದ ಕೂಗಿ ಹೇಳಿದರು: "ಅಲ್ಲಿಯವರೆಗೆ ನಲವತ್ತಮೂರು ಅಂತಲೇ ಬರಿ."

ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಆದ್ದರಿಂದ, ತಿಳಿದವರೇ, ವಿವರ ಹೀಗಿದೆ. ಎತ್ತರ ಒಂದು ಸಾಸಿವೆ ಕಾಳಿಗಿಂತ ತುಸು ಹೆಚ್ಚು. ಬಣ್ಣ, ಕಾಫಿಗೆ ಹಾಲು ಜಾಸ್ತಿಯಾದಾಗ ಬರುತ್ತದಲ್ಲ, ಅದು. ಎಳೆಗಳು ಸುಮಾರು ಹದಿನಾರು, ದೊಡ್ಡವುಗಳಿಗಿಂತ ಸ್ವಲ್ಪ ಸಪೂರ. ನೆರಳು ಬಿದ್ದರೆ ತಟ್ಟನೆ ಒಳಗೆ ಸೇರುತ್ತದೆ, ಹೊರಬರಲು ನಾಲ್ಕು ನಿಮಿಷ; ಮೂರು ಸಲ ನೋಡಿದೆ. ಇದು ಹವಳವೋ ಕಳೆಯೋ, ಕಳೆಯಾದರೆ ಬೇರೆಯವಕ್ಕೆ ಪೆಟ್ಟಾಗದಂತೆ ತೆಗೆಯುವುದು ಹೇಗೆ ಎಂದು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಬಂದ ಕಾಗದವನ್ನು ಬಂದ ನಿಮಿಷವೇ ಕೆಳಗೆ ಹೋಗಿ ಗಟ್ಟಿಯಾಗಿ ಓದಬೇಕಾಗುತ್ತದೆ, ಹದಿನೇಳನೆಯ ಕಾಲಂ ಇದೆ. ಹಾಗಾಗಿ, ಕಳೆ ಎಂದೇ ಆದರೆ, ಸ್ವಲ್ಪ ಮೆತ್ತಗೆ ಬರೆಯಿರಿ.